ಡಬ್ಬಿಯ ಮೇಲೆ ಆಹಾರ, ಜಾಹೀರಾತಿನಲ್ಲಿ ಔಷಧಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಇಳಕಲ್ಲಿನಲ್ಲಿ ಸಣ್ಣದೊಂದು ಔಷಧಿ ಅಂಗಡಿ ಇಟ್ಟುಕೊಂಡವನು. ಗಂಡಸರ ಮೂತ್ರದ ತೊಂದರೆಗೆ ಅಂತ ನಮ್ಮ ಜಿಲ್ಲೆಯಲ್ಲಿ ಮಾರಾಟವಾಗುತ್ತಿರುವ ಗಿಡಮೂಲಿಕೆ ಡಬ್ಬಿಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಪಡುವ ವಿಷಯ ಇದು. ಆ ನಾಚಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ. ಹಾಗಾಗಿ ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ. ಜಿಲ್ಲಾ ಆರೋಗ್ಯಾಧಿಕಾರಿಗಳು, ಆಯುಷ್ ಅಧಿಕಾರಿಗಳು, ಔಷಧ ನಿಯಂತ್ರಣ ಮತ್ತು ಆಹಾರ ಸುರಕ್ಷತೆಯವರು ಕೂಡ ಇದನ್ನು ಓದಲಿ ಎಂಬ ಆಸೆ ನನ್ನದು.

ಮೊದಲು ನಮ್ಮ ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ವಯಸ್ಸಾದ ಗಂಡಸರು ಬರುತ್ತಾರೆ. ಹೆಣ್ಣುಮಕ್ಕಳು ಗಿರಾಕಿಗಳಿದ್ದರೆ ಸುಮ್ನೆ ಒಂದು ತಲೆನೋವಿನ ಗುಳಿಗೆ ಕೇಳಿ ಪಕ್ಕಕ್ಕೆ ನಿಲ್ಲುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಮೆಲ್ಲಗೆ, "ತಮ್ಮಾ, ಒಂದಕ್ಕ ಸರಿಯಾಗಿ ಆಗವಲ್ದು. ರಾತ್ರಿ ನಾಕೈದು ಸಲ ಏಳ್ತೀನಿ. ಏನರ ಕೊಡು" ಅನ್ನುತ್ತಾರೆ. ಡಾಕ್ಟರಿಗೆ ತೋರಿಸಿದ್ದೀರಾ ಅಂದರೆ, "ಇದಕ್ಯಾಕ ಡಾಕ್ಟರು, ವಯಸ್ಸಾತು" ಎಂಬ ಉತ್ತರ. ಕುಣಿಮಗ್ಗದಲ್ಲಿ ಕೂತು ನೇಯುವವರು, ಗ್ರಾನೈಟ್ ಕ್ವಾರಿಯಲ್ಲಿ ದುಡಿದವರು, ರಾತ್ರಿ ಕರೆಂಟ್ ಬಂದಾಗ ಹೊಲಕ್ಕೆ ನೀರು ಬಿಡಲು ಹೋಗುವವರು, ಎಲ್ಲರದೂ ಇದೇ ಮಾತು. ಕೆಲವರು ಮದುವೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಬಸ್ಸಿನಲ್ಲಿ ಹುಬ್ಬಳ್ಳಿತನಕ ಕೂರುವುದು ಅವರಿಗೆ ಆಗದ ಮಾತು. ಇನ್ನು ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಇನ್ನೊಂದು ಅಪಾಯ.

ಇದು ಯಾರ ತಪ್ಪಿನಿಂದಲೂ ಬರುವ ರೋಗ ಅಲ್ಲ. ಗಂಡಸರಿಗೆ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅನ್ನುವ ಗ್ರಂಥಿ ಇದೆ. ಹರೆಯದಲ್ಲಿ ಅಕ್ರೋಟ ಕಾಯಿಯಷ್ಟು ಇರುತ್ತದೆ. ಮೂತ್ರದ ನಾಳ ಅದರ ನಡುವೆಯೇ ಹಾದು ಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಬೆಳೆದು ನಾಳವನ್ನು ಒತ್ತುತ್ತದೆ. ಐವತ್ತರಿಂದ ಅರವತ್ತರೊಳಗಿನ ಗಂಡಸರಲ್ಲಿ ಸುಮಾರು ಅರ್ಧ ಜನರಿಗೆ ಈ ಬೆಳವಣಿಗೆ ಇರುತ್ತದೆ. ಎಂಬತ್ತು ದಾಟಿದವರಲ್ಲಿ ಬಹುಪಾಲು ಎಲ್ಲರಿಗೂ. ಎಲ್ಲರಿಗೂ ತ್ರಾಸ ಆಗುತ್ತದೆ ಅಂತಲ್ಲ. ಇದು ಕ್ಯಾನ್ಸರ್ ಕೂಡ ಅಲ್ಲ. ಆದರೆ ಕ್ಯಾನ್ಸರ್ ಆದವರಲ್ಲಿಯೂ ಇವೇ ಲಕ್ಷಣ ಕಾಣಬಹುದು. ಶುಗರ್ ಜಾಸ್ತಿ ಇದ್ದವರಿಗೂ ರಾತ್ರಿ ಮತ್ತೆ ಮತ್ತೆ ಎಚ್ಚರ ಆಗುತ್ತದೆ. ಮೂತ್ರಕೋಶದಲ್ಲಿ ಕಲ್ಲಿದ್ದರೂ, ಸೋಂಕಾದರೂ ಹೀಗೇ. ಯಾವುದು ಅಂತ ಗೊತ್ತಾಗಬೇಕಾದರೆ ಪರೀಕ್ಷೆ ಆಗಲೇಬೇಕು. ಡಾಕ್ಟರು ಬೆರಳಿನಿಂದ ನೋಡುವ ಪರೀಕ್ಷೆ, ಮೂತ್ರ ತಪಾಸಣೆ, ಒಂದು ಸ್ಕ್ಯಾನ್, ಕಿಡ್ನಿಗೆ ಕ್ರಿಯಾಟಿನಿನ್, ಬೇಕಾದರೆ ಪಿಎಸ್‌ಎ ಎಂಬ ರಕ್ತ ಪರೀಕ್ಷೆ. ಇಷ್ಟೇ.

ಈ ಪರೀಕ್ಷೆಗೆ ಹೋಗದಂತೆ ತಡೆಯುತ್ತಿರುವುದು ಆ ಡಬ್ಬಿ.

ಅದು ಹೇಗೆ ಬರುತ್ತದೆ ನೋಡಿ. ಬೆಳಿಗ್ಗೆ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ. ಬಿಳಿ ಕೋಟು ಹಾಕಿಕೊಂಡ ಒಬ್ಬರು ಕೂತು ಮಾತಾಡುತ್ತಾರೆ. ಯಾವ ಡಿಗ್ರಿ, ಯಾವ ನೋಂದಣಿ ಅಂತ ಎಲ್ಲಿಯೂ ಇಲ್ಲ. "ಆಪರೇಷನ್ ಬೇಡ, ಸೈಡ್ ಎಫೆಕ್ಟ್ ಇಲ್ಲ, ಪ್ರಾಸ್ಟೇಟ್ ಮೊದಲಿನಂತೆ ಆಗುತ್ತದೆ" ಅನ್ನುತ್ತಾರೆ. ಕೆಳಗೆ ಫೋನ್ ನಂಬರ್ ಓಡುತ್ತಿರುತ್ತದೆ. ಫೋನ್ ಮಾಡಿದರೆ ವಯಸ್ಸು, ಊರು, ಪಿನ್‌ಕೋಡ್ ಕೇಳುತ್ತಾರೆ. ಶುಗರ್ ಇದೆಯಾ, ರಕ್ತ ತೆಳುವಾಗುವ ಗುಳಿಗೆ ತಗೊಳ್ತೀರಾ ಅಂತ ಕೇಳುವುದಿಲ್ಲ. ಕೆಲವೇ ದಿನಗಳಲ್ಲಿ ಕೊರಿಯರ್ ಬರುತ್ತದೆ, ಮನೆ ಬಾಗಿಲಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಒಂದು ಡಬ್ಬಿ ಮುಗಿಯುವ ಮೊದಲೇ ಮತ್ತೆ ಫೋನ್: "ಕಾಕಾ, ಕೋರ್ಸ್ ಅರ್ಧಕ್ಕೆ ಬಿಟ್ಟರೆ ಮೊದಲಿಗಿಂತ ಜಾಸ್ತಿ ಆಗ್ತದೆ." ಬೇಡ ಅಂದವರಿಗೆ ಬೇರೆ ಬೇರೆ ನಂಬರಿನಿಂದ ಕರೆ. ವಾಟ್ಸಾಪ್ ಗುಂಪುಗಳಲ್ಲಿ ಇದರದ್ದೇ ವಿಡಿಯೊ. ಬಾದಾಮಿ ಬನಶಂಕರಿ ಜಾತ್ರೆಯಂಥ ದೊಡ್ಡ ಜಾತ್ರೆಗಳಲ್ಲಿ ಮೈಕ್ ಹಚ್ಚಿಕೊಂಡು ಪುಡಿ ಮಾರುವವರು ಬೇರೆ. ಅವರ ಪೊಟ್ಟಣದ ಮೇಲೆ ಲೈಸೆನ್ಸ್ ನಂಬರೂ ಇರುವುದಿಲ್ಲ, ತಯಾರಿಸಿದ ತಾರೀಖೂ ಇರುವುದಿಲ್ಲ.

ನಮ್ಮ ಓಣಿಯ ಒಬ್ಬ ಹಿರಿಯರ ಕತೆ ಹೇಳಬೇಕು. ಹೆಸರು ಬೇಡ. ಅವರು ನೇಕಾರರು. ಡಾಕ್ಟರು ಮೂತ್ರ ಸಲೀಸಾಗಿ ಹೋಗಲು ಟ್ಯಾಮ್ಸುಲೋಸಿನ್ ಗುಳಿಗೆ ಬರೆದುಕೊಟ್ಟಿದ್ದರು. ನನ್ನ ಅಂಗಡಿಯಲ್ಲೇ ತಗೊಳ್ಳುತ್ತಿದ್ದರು. ಸುಧಾರಿಸಿದ್ದರು ಕೂಡ. ಒಮ್ಮೆ ಗುಳಿಗೆ ಒಯ್ಯಲು ಬರುವುದನ್ನೇ ನಿಲ್ಲಿಸಿದರು. ವಿಚಾರಿಸಿದರೆ, "ಈಗ ಆಯುರ್ವೇದ ಹಚ್ಚೀನಿ, ಆ ಇಂಗ್ಲಿಷ್ ಗುಳಿಗಿ ಕಿಡ್ನಿ ಹಾಳ ಮಾಡ್ತಾವಂತ" ಅಂದರು. ಯಾರು ಹೇಳಿದರು ಅಂದರೆ, ಫೋನಿನಲ್ಲಿ ಮಾತಾಡಿದ 'ಡಾಕ್ಟರು'. ತಿಂಗಳುಗಟ್ಟಲೆ ಡಬ್ಬಿ ತರಿಸಿಕೊಂಡರು. ಒಂದೊಂದಕ್ಕೂ ಸಾವಿರದ ಮೇಲೆ. ಒಂದು ಚಳಿಗಾಲದಲ್ಲಿ ನೆಗಡಿಯಾಯಿತು, ಕಿರಾಣಿ ಅಂಗಡಿಯಲ್ಲಿ ಸಿಕ್ಕ ನೆಗಡಿ ಗುಳಿಗೆ ನುಂಗಿದರು. ಆ ರಾತ್ರಿ ಮೂತ್ರ ಪೂರ್ತಿ ಕಟ್ಟಿತು. ಹೊಟ್ಟೆಯ ಕೆಳಭಾಗ ಉಬ್ಬಿ, ನೋವಿನಿಂದ ಒದ್ದಾಡುತ್ತಿದ್ದವರನ್ನು ಮಗ ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ. ಪೈಪ್ ಹಾಕಿ ಮೂತ್ರ ತೆಗೆದರು. ಕ್ರಿಯಾಟಿನಿನ್ ಏರಿತ್ತು. ಬಹಳ ದಿನದಿಂದ ಮೂತ್ರ ಪೂರ್ತಿ ಖಾಲಿಯಾಗದೆ ಹಿಂದಕ್ಕೆ ಒತ್ತಿ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಅಲ್ಲಿಯ ಡಾಕ್ಟರು ಹೇಳಿದರು. ಈಗ ಆಪರೇಷನ್ ಆಗಿ ಹುಷಾರಾಗಿದ್ದಾರೆ. ಮಗ್ಗಕ್ಕೆ ಮಾತ್ರ ಮತ್ತೆ ಕೂತಿಲ್ಲ.

ಆ ಪುಡಿಯೇ ಮೂತ್ರ ಕಟ್ಟಿಸಿತು ಅಂತ ನಾನು ಹೇಳುತ್ತಿಲ್ಲ. ಅಲರ್ಜಿ ಮತ್ತು ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಔಷಧಿಗಳು ಪ್ರಾಸ್ಟೇಟ್ ಬೆಳೆದವರಲ್ಲಿ ಮೂತ್ರ ಕಟ್ಟಿಸುತ್ತವೆ, ಇದು ಔಷಧಿ ಓದಿದವರಿಗೆಲ್ಲ ಗೊತ್ತು. ನನ್ನ ಆರೋಪ ಬೇರೆ. ಕೆಲಸ ಮಾಡುತ್ತಿದ್ದ ಗುಳಿಗೆಯನ್ನು ಬಿಡಿಸಿದವರು, ಡಾಕ್ಟರ ಬಳಿ ಹೋಗುವ ದಾರಿ ಮುಚ್ಚಿದವರು ಫೋನಿನ ಆ ತುದಿಯಲ್ಲಿದ್ದವರು.

ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಜ್ಜ ಎಲ್ಲದಕ್ಕೂ ಮನೆಮದ್ದು ಮಾಡುತ್ತಿದ್ದರು. ಮೂತ್ರ ಉರಿಗೆ, ಕಟ್ಟುವುದಕ್ಕೆ ಆಯುರ್ವೇದದಲ್ಲಿ ಹಳೆಯ ಕಾಲದಿಂದಲೂ ಚಿಕಿತ್ಸೆ ಇದೆ. ಓದಿದ ವೈದ್ಯರು ನಾಡಿ ನೋಡಿ, ಈಗ ಸ್ಕ್ಯಾನನ್ನೂ ಮಾಡಿಸಿ ಔಷಧಿ ಕೊಡುತ್ತಾರೆ. ಪರಿಸ್ಥಿತಿ ಕೈಮೀರಿದ್ದರೆ ಸರ್ಜನ್ ಬಳಿ ಕಳಿಸುತ್ತಾರೆ. ಟಿವಿಯಲ್ಲಿ ಮಾರುವವರಿಗೂ ಅವರಿಗೂ ಏನು ಸಂಬಂಧ? ಅವರ ಹೆಸರನ್ನೂ ಇವರು ಕೆಡಿಸುತ್ತಿದ್ದಾರೆ.

ಆ ಡಬ್ಬಿಗಳಲ್ಲಿ ಇರುವುದೇನು ಅಂತ ಲೇಬಲ್ ಓದಿ ನೋಡಿದ್ದೇನೆ. ಸಾಮಾನ್ಯವಾಗಿ ಸಾ ಪಾಮೆಟ್ಟೊ ಎಂಬ ಹಣ್ಣಿನ ಸಾರ, ಪಿಜಿಯಂ ಎಂಬ ಆಫ್ರಿಕದ ಮರದ ತೊಗಟೆ, ಕುಂಬಳ ಬೀಜ, ಜಿಂಕ್, ಗೋಕ್ಷುರ. ಗೋಕ್ಷುರ ಅಂದರೆ ನಮ್ಮ ಎರೆಹೊಲದ ಬದುಗಳಲ್ಲಿ ಬೀಳುವ ಅದೇ ನೆಗ್ಗಿಲಮುಳ್ಳು. ಮೊದಲು ಅದು ಕಾಲಿಗೆ ಚುಚ್ಚುತ್ತಿತ್ತು, ಈಗ ಜೇಬಿಗೆ ಚುಚ್ಚುತ್ತಿದೆ.

ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಸಾ ಪಾಮೆಟ್ಟೊ. ಅಮೆರಿಕದ ಫ್ಲಾರಿಡಾ ಕಡೆ ಬೆಳೆಯುವ ಗಿಡ್ಡ ತಾಳೆಯ ಹಣ್ಣು. ಅದನ್ನು ಅಲ್ಲಿಯವರೇ ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 225 ಗಂಡಸರಿಗೆ ಒಂದು ವರ್ಷ ಕೊಟ್ಟರು. ಅರ್ಧ ಜನರಿಗೆ ನಿಜವಾದ ಸಾರ, ಉಳಿದವರಿಗೆ ಅದರಂತೆಯೇ ಕಾಣುವ ಖಾಲಿ ಗುಳಿಗೆ. ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಡೋಸ್ ಕಡಿಮೆಯಾಗಿತ್ತೇನೋ ಅಂತ ಇನ್ನೊಂದು ಅಧ್ಯಯನದಲ್ಲಿ ಮೂರು ಪಟ್ಟುವರೆಗೆ ಏರಿಸಿ 369 ಜನರಿಗೆ 72 ವಾರ ಕೊಟ್ಟು ನೋಡಿದರು. 2011ರಲ್ಲಿ ಬಂದ ಅದರ ಫಲಿತಾಂಶವೂ ಅದೇ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2023ರ ಪರಿಶೀಲನೆ ಕೂಡ, ಒಂಟಿಯಾಗಿ ಕೊಟ್ಟ ಸಾ ಪಾಮೆಟ್ಟೊದಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಎಂದಿತು. ಬೀಟಾ-ಸಿಟೊಸ್ಟೆರಾಲ್ ಎಂಬ ಸಸ್ಯದ ಅಂಶದಿಂದ ಕೆಲವರಿಗೆ ಮೂತ್ರದ ಹರಿವು ಸ್ವಲ್ಪ ಸುಧಾರಿಸಿದ್ದು ಸಣ್ಣ, ಕೆಲವೇ ತಿಂಗಳ ಅಧ್ಯಯನಗಳಲ್ಲಿ ಕಂಡಿದೆ. ಅದರಿಂದಲೂ ಗ್ರಂಥಿ ಸಣ್ಣದಾಗಲಿಲ್ಲ. ಹಾಗಿದ್ದ ಮೇಲೆ 'ಮೊದಲಿನಂತೆ ಆಗುತ್ತದೆ' ಎಂಬ ಮಾತು ಎಲ್ಲಿಂದ ಬಂತು?

"ನಮ್ಮ ಮಾವಗ ಫರಕ ಬಿತ್ತಲ್ರೀ" ಅನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಈ ತ್ರಾಸ ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ ಆಗುತ್ತಲೇ ಇರುತ್ತದೆ. ಜಾಸ್ತಿ ಇದ್ದಾಗ ಡಬ್ಬಿ ತರಿಸುತ್ತಾರೆ, ಕಡಿಮೆಯಾದಾಗ ಡಬ್ಬಿಗೆ ಹೆಸರು ಬರುತ್ತದೆ. ಆ ಅಧ್ಯಯನಗಳಲ್ಲಿ ಖಾಲಿ ಗುಳಿಗೆ ನುಂಗಿದವರಿಗೂ ಸ್ವಲ್ಪ ಹಗುರ ಅನಿಸಿತ್ತು.

'ನೈಸರ್ಗಿಕ, ಅದಕ್ಕೇ ನಿರಪಾಯ' ಅನ್ನುವವರಿಗೆ ಒಂದು ಹಳೆಯ ಪ್ರಸಂಗ ನೆನಪಿಸುತ್ತೇನೆ. ಅಮೆರಿಕದಲ್ಲಿ ಪಿಸಿ-ಸ್ಪೆಸ್ ಎಂಬ ಎಂಟು ಗಿಡಮೂಲಿಕೆಗಳ ಕ್ಯಾಪ್ಸೂಲ್ ಪ್ರಾಸ್ಟೇಟ್ ಹೆಸರಿನಲ್ಲಿ ಬಹಳ ಮಾರಾಟವಾಗುತ್ತಿತ್ತು. 2002ರಲ್ಲಿ ಪ್ರಯೋಗಾಲಯದಲ್ಲಿ ನೋಡಿದಾಗ ಅದರೊಳಗೆ ರಕ್ತ ತೆಳುಮಾಡುವ ವಾರ್ಫರಿನ್ ಸಿಕ್ಕಿತು. ಸರ್ಕಾರ ಎಚ್ಚರಿಕೆ ಕೊಟ್ಟಿತು, ಕಂಪನಿ ವಾಪಸ್ ಪಡೆಯಿತು. ಅಷ್ಟು ಕಾವಲಿರುವ ದೇಶದಲ್ಲೇ ಹೀಗಾದರೆ, ನಮ್ಮ ಜಾತ್ರೆಯ ಪೊಟ್ಟಣದಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ನಮ್ಮಲ್ಲಿ ಹೃದಯದ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ಗುಳಿಗೆ ನುಂಗುವ ಹಿರಿಯರು ಎಷ್ಟೋ ಜನ ಇದ್ದಾರೆ. ಅದರ ಜೊತೆ ವಾರ್ಫರಿನ್‌ನಂಥದ್ದು ಸೇರಿದರೆ ರಕ್ತಸ್ರಾವದ ಅಪಾಯ.

ಈಗ ಕಾನೂನಿನ ಮಾತು. ನನ್ನ ಮುಖ್ಯ ದೂರು ಇಲ್ಲಿದೆ, ಸಾಹೇಬರೇ.

ಕೊರಿಯರ್‌ನಲ್ಲಿ ಬರುವ ಬಹಳಷ್ಟು ಡಬ್ಬಿಗಳ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಅಂದರೆ ಲೆಕ್ಕದಲ್ಲಿ ಅದು ಆಹಾರ. ನಿಯಮದ ಪ್ರಕಾರ 'ಔಷಧಿಯಾಗಿ ಬಳಸಲು ಅಲ್ಲ' ಅಂತಲೂ ಮುದ್ರಿಸಬೇಕು. ಮುದ್ರಿಸಿರುತ್ತಾರೆ, ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರದಲ್ಲಿ. ಅದೇ ಡಬ್ಬಿ ಟಿವಿಯಲ್ಲಿ ಕನ್ನಡ ಮಾತಾಡುತ್ತಾ ರೋಗ ವಾಸಿ ಮಾಡುತ್ತದೆ! ಡಬ್ಬಿಯ ಮೇಲೆ ಆಹಾರ, ಜಾಹೀರಾತಿನಲ್ಲಿ ಔಷಧಿ.

ಈ ಜಾಹೀರಾತು ಹಿಡಿದುಕೊಂಡು ನಾನು ಕಚೇರಿ ಅಲೆದಿದ್ದೇನೆ. ಮೊದಲು ಹೋದ ಕಡೆ, "ಇದು ಫುಡ್ ಲೈಸೆನ್ಸ್, ನಮಗೆ ಬರಲ್ಲ" ಅಂದರು. ಫುಡ್ ನೋಡಿಕೊಳ್ಳುವ ಕಡೆ, "ಲೇಬಲ್ ಸರಿ ಇದೆ, ಜಾಹೀರಾತಿನಲ್ಲಿ ರೋಗದ ಹೆಸರಿದೆಯಲ್ಲ, ಔಷಧಿಯವರನ್ನ ಕೇಳಿ" ಅಂದರು. ಇನ್ನೊಂದು ಕಡೆ, "ಕಂಪನಿ ಬೇರೆ ರಾಜ್ಯದ್ದು" ಎಂಬ ಉತ್ತರ. ಎಲ್ಲರೂ ಕೂರಿಸಿ ಮರ್ಯಾದೆಯಿಂದ ಮಾತಾಡಿದರು, ಒಬ್ಬರು ಚಹಾ ಕೂಡ ಕುಡಿಸಿದರು. ದೂರಿಗೆ ಸ್ವೀಕೃತಿ ಮಾತ್ರ ಯಾರೂ ಕೊಡಲಿಲ್ಲ.

ಕಾನೂನೇ ಇಲ್ಲದಿದ್ದರೆ ಸುಮ್ಮನಿರಬಹುದಿತ್ತು. ಇದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ 1954ರಲ್ಲೇ ಬಂದಿದೆ. ಯಾವ ಯಾವ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಎಂದು ಅದರಲ್ಲಿ 54 ಹೆಸರುಗಳ ಪಟ್ಟಿ ಇದೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಇದೆ. ಮೂತ್ರಕೋಶದ ಕಲ್ಲೂ ಇದೆ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆ ವಸ್ತುವಿನ ಲೈಸೆನ್ಸ್ ಆಹಾರದ್ದೋ ಔಷಧಿಯದ್ದೋ ಅಂತ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲಿಲ್ಲ. ರೋಗ ವಾಸಿ ಮಾಡುತ್ತೇವೆ ಅಂತ ಹೇಳಿ ಮಾರಿದರೆ ಈ ಕಾಯ್ದೆಗೆ ಅದು ಔಷಧಿಯೇ. ಆಹಾರ ಅಂತಲೇ ಇಟ್ಟುಕೊಳ್ಳೋಣ: 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಯಾವ ಬಾಗಿಲಿನಿಂದ ಬಂದರೂ ತಪ್ಪು ತಪ್ಪೇ, ಅಲ್ವಾ?

ಆಯುರ್ವೇದ ಔಷಧಿಯ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕು ಎಂದು 2018ರಲ್ಲಿ ಕೇಂದ್ರದ ಔಷಧ ನಿಯಮಗಳಲ್ಲಿ 170ನೇ ನಿಯಮ ಬಂದಿತ್ತು. 2024ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು, ಆ ಜಗಳ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಚರ್ಚೆ ದೊಡ್ಡವರಿಗಿರಲಿ. 1954ರ ಕಾಯ್ದೆಯನ್ನು ಯಾರೂ ಕೈಬಿಟ್ಟಿಲ್ಲ. ಅಷ್ಟೇ ಅಲ್ಲ, ಈ ಕಾಯ್ದೆಯಡಿ ಜನ ದೂರು ಕೊಡಲು ಎರಡು ತಿಂಗಳೊಳಗೆ ವ್ಯವಸ್ಥೆ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ವ್ಯವಸ್ಥೆಯ ಒಂದು ಬೋರ್ಡನ್ನಾದರೂ ನಮ್ಮ ತಾಲೂಕಿನ ಜನ ನೋಡಬೇಕು ಅಂತ ನನಗೆ ಅನಿಸುತ್ತದೆ.

ಕೇಬಲ್ ಚಾನೆಲ್ ವಿಷಯದಲ್ಲಂತೂ ನಾನು ಬೇರೆ ಯಾರ ಬಳಿಯೂ ಹೋಗಬೇಕಿಲ್ಲ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ ಪ್ರಕಾರ ಜಿಲ್ಲೆಯಲ್ಲಿ ಅಧಿಕಾರ ಇರುವುದು ಜಿಲ್ಲಾ ದಂಡಾಧಿಕಾರಿಗಳಿಗೆ. ಅಂದರೆ ತಮಗೇ. ಪವಾಡದಂಥ ಗುಣ ಇದೆ ಅಂತ ಜನ ನಂಬುವಂತೆ ಮಾಡುವ ಜಾಹೀರಾತು ಕೇಬಲ್‌ನಲ್ಲಿ ಬರಬಾರದು ಎಂದು ಅದರ ನಿಯಮಗಳಲ್ಲೇ ಇದೆ. ತಾವು ಒಂದು ನೋಟಿಸ್ ಕೊಟ್ಟರೆ ಬೆಳಗಿನ ಆ ಅರ್ಧ ಗಂಟೆ ನಿಲ್ಲುತ್ತದೆ. ಚಾನೆಲ್‌ನವರೂ ನಮ್ಮೂರಿನವರೇ, ಹೊಟ್ಟೆಪಾಡಿಗೆ ಹಾಕುತ್ತಾರೆ. ಅವರನ್ನು ಜೈಲಿಗೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಯಾವುದನ್ನು ಹಾಕಬಾರದು ಅಂತ ಅವರಿಗೂ ಬರವಣಿಗೆಯಲ್ಲಿ ತಿಳಿಸಿದರೆ ಸಾಕು. ಆಮೇಲೂ ಹಾಕಿದರೆ ತಮಗೆ ಬಿಟ್ಟದ್ದು.

ಎರಡನೆಯದಾಗಿ, ಈ ಎಲ್ಲ ಇಲಾಖೆಗಳ ನಡುವೆ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ. ದೂರು ಆಹಾರದ್ದೋ ಔಷಧಿಯದ್ದೋ ಅಂತ ತೀರ್ಮಾನಿಸುವ ಕೆಲಸ ಆ ಅಧಿಕಾರಿಯದ್ದಾಗಲಿ, ದೂರು ತಂದವನದ್ದಲ್ಲ. ಸ್ವೀಕೃತಿ ಕೊಡಲಿ. ಕಂಪನಿ ಬೇರೆ ರಾಜ್ಯದ್ದಾದರೆ ಅಲ್ಲಿಗೆ ಪತ್ರ ಬರೆಯಲಿ, ಅದರ ನಕಲು ದೂರುದಾರನಿಗೂ ಬರಲಿ. ಜಾತ್ರೆಗಳ ಹೊತ್ತಿನಲ್ಲಿ, ಲೈಸೆನ್ಸ್ ಇಲ್ಲದ ಪೊಟ್ಟಣಗಳ ಸ್ಯಾಂಪಲ್ ತೆಗೆದು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ, ಬಂದ ವರದಿಯನ್ನು ಜನರ ಮುಂದಿಡಿ. ನಮ್ಮಂಥ ಅಂಗಡಿಗಳನ್ನೂ ಬಿಡಬೇಡಿ. ನನ್ನ ಅಂಗಡಿಯಲ್ಲೂ ಲೈಸೆನ್ಸ್ ಇರುವ ಇಂಥ ಒಂದೆರಡು ಉತ್ಪನ್ನ ಇವೆ. ಟ್ಯಾಮ್ಸುಲೋಸಿನ್‌ನಲ್ಲಿ ಸಿಗುವುದಕ್ಕಿಂತ ಇವುಗಳಲ್ಲಿ ಅಂಗಡಿಯವನಿಗೆ ಲಾಭ ಜಾಸ್ತಿ. ಈ ವ್ಯಾಪಾರ ಹೇಗೆ ಬೆಳೆಯುತ್ತದೆ ಎಂಬುದು ತಮಗೂ ಗೊತ್ತಿರಲಿ ಅಂತ ಹೇಳಿದೆ.

ಬರೀ ನಿಲ್ಲಿಸಿದರೆ ಸಾಲದು. ಜನ ಡಬ್ಬಿಗೆ ಹೋಗುವುದು ಬೇರೆ ದಾರಿ ಕಾಣದೆ. ದಾರಿ ಇದೆ ಅಂತ ಹೇಳುವವರು ಬೇಕು. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ಹಗುರ ಮಾಡುತ್ತದೆ, ಜನೌಷಧಿ ಕೇಂದ್ರದಲ್ಲಿ ಕಡಿಮೆ ದರಕ್ಕೆ ಸಿಗುತ್ತದೆ. ಮೊದಮೊದಲು ಎದ್ದು ನಿಂತಾಗ ತಲೆ ತಿರುಗಬಹುದು. ಕಣ್ಣಿನ ಪೊರೆ ಆಪರೇಷನ್‌ಗೆ ಹೋಗುವ ಮೊದಲು ಈ ಗುಳಿಗೆಯ ವಿಷಯ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಗ್ರಂಥಿಯನ್ನೇ ಕುಗ್ಗಿಸುವ ಫಿನಾಸ್ಟರೈಡ್‌ನಂಥ ಗುಳಿಗೆಗಳಿಗೆ ಆರು ತಿಂಗಳಾದರೂ ಹಿಡಿಯುತ್ತದೆ, ಡಾಕ್ಟರು ಹೇಳಿದವರಿಗೆ ಮಾತ್ರ. ಗುಳಿಗೆಯಿಂದ ಆಗದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಮಾಡುವ ಆಪರೇಷನ್ ಇದೆ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಅದಕ್ಕೆ ಅವಕಾಶ ಇದೆ. ಡಬ್ಬಿಗೆ ದುಡ್ಡು ಸುರಿದವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಐವತ್ತು ದಾಟಿದ ಗಂಡಸರಿಗೆ ಮೂತ್ರದ ಬಗ್ಗೆಯೂ ಒಂದು ಪ್ರಶ್ನೆ ಕೇಳುವಂತೆ ಮಾಡಿ. ಆಶಾ ಅಕ್ಕಂದಿರ ಮುಂದೆ ನಮ್ಮ ಕಡೆಯ ಗಂಡಸರು ಬಾಯಿ ಬಿಡುವುದಿಲ್ಲ. ಈ ಪ್ರಶ್ನೆಯನ್ನು ಗಂಡು ಸಿಬ್ಬಂದಿ ಕೇಳಲಿ, ಪಕ್ಕಕ್ಕೆ ಕರೆದು ಕೇಳಲಿ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಮೂತ್ರರೋಗ ತಜ್ಞರ ಶಿಬಿರ ಇಡಿ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರದ ಜೊತೆ ಉರಿ ಇದ್ದರೆ, ಗೊತ್ತಿಲ್ಲದೆ ಹಾಸಿಗೆ ಒದ್ದೆಯಾದರೆ, ಪೂರ್ತಿ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಬನ್ನಿ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ. ಬಸ್ ನಿಲ್ದಾಣದ ಗಂಡಸರ ಮೂತ್ರಖಾನೆಯ ಗೋಡೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಈಗ ಅಲ್ಲಿ ಇರುವುದು 'ಗುಪ್ತರೋಗ' ವಾಸಿ ಮಾಡುವವರ ಚೀಟಿಗಳು.

ನಾನು ಕೂಡಿಟ್ಟ ಖಾಲಿ ಡಬ್ಬಿಗಳು, ಕೊರಿಯರ್ ರಸೀದಿಗಳು, ಜಾತ್ರೆಯಲ್ಲಿ ಸಿಕ್ಕ ಪೊಟ್ಟಣ, ಟಿವಿ ಕಾರ್ಯಕ್ರಮದ ಮೊಬೈಲ್ ವಿಡಿಯೊ ಎಲ್ಲವೂ ನನ್ನ ಹತ್ತಿರ ಇವೆ. ಆ ಹಿರಿಯರ ಮಗನೂ ಹೇಳಿಕೆ ಕೊಡಲು ತಯಾರಿದ್ದಾನೆ. ಇವನ್ನೆಲ್ಲ ಯಾವ ಕಚೇರಿಗೆ, ಯಾರ ಟೇಬಲ್‌ಗೆ ತಂದು ಕೊಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ. ಅಂಗಡಿ ಮುಚ್ಚಿ ಅವತ್ತೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯವನೊಬ್ಬ
ಇಳಕಲ್, ಬಾಗಲಕೋಟೆ ಜಿಲ್ಲೆ